6174: ಒಂದೇ ಹಾಳೆಯಲ್ಲಿ ಮುಗಿದ ಲೆಕ್ಕ

6174ರ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಬರಹಗಳು ನನಗೆ ರುಚಿಸುವುದಿಲ್ಲ. ಯಾವ ನಾಲ್ಕಂಕಿಯ ಸಂಖ್ಯೆಯ ಅಂಕಿಗಳನ್ನು ಅದಲುಬದಲು ಮಾಡಿ ಕಳೆಯುತ್ತ ಹೋದರೂ ಕೊನೆಗೆ 6174 ಬರುತ್ತದೆ ಎನ್ನಲು ಎರಡು ಉದಾಹರಣೆ ಕೊಟ್ಟು, ‘ಮಾಂತ್ರಿಕ ಸಂಖ್ಯೆ’ ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಎಲ್ಲ ಸಂಖ್ಯೆಗಳೂ ಅಲ್ಲಿಗೇ ಬರುತ್ತವೆ ಎನ್ನಬೇಕಾದರೆ ಎಲ್ಲವನ್ನೂ ನೋಡಿರಬೇಕಲ್ಲವೇ? ಕಂಪ್ಯೂಟರ್ ಕ್ಷಣದಲ್ಲಿ ನೋಡಿ ಮುಗಿಸುತ್ತದೆ, ನಿಜ. ಆದರೆ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ನನಗೆ ಪೆನ್ನು, ಹಾಳೆಯಲ್ಲೇ ಖಚಿತಪಡಿಸಿಕೊಳ್ಳುವ ಹಟ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೂ ಅಂಕಿಗಳು ಒಂದೇ ಆಗಿರದ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದಲ್ಲಿ ಬರೆದದ್ದನ್ನು ಅದರಿಂದ ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. ಮೂರೇ ಅಂಕಿ ಬಂದರೆ ಎಡಗಡೆ ಒಂದು ಸೊನ್ನೆ ಸೇರಿಸಿಕೊಳ್ಳಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷ 1973. ಅದನ್ನೇ ಹಿಡಿದರೆ 9731 − 1379 = 8352; ಆಮೇಲೆ 8532 − 2358 = 6174. ಮುಂದೆ 7641 − 1467 ಮಾಡಿದರೂ ಮತ್ತೆ 6174. ಈ ಗುಣವನ್ನು ಕಂಡುಹಿಡಿದು 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಮಂಡಿಸಿದವರು ನಾಸಿಕ್ ಬಳಿಯ ದೇವಲಾಲಿಯ ಶಾಲಾ ಶಿಕ್ಷಕ ಡಿ.ಆರ್. ಕಾಪ್ರೇಕರ್.

ಎಡಗಡೆ ಸೊನ್ನೆ ಇರುವವನ್ನೂ ಹಿಡಿದರೆ ಪರೀಕ್ಷಿಸಬೇಕಾದ ಸಂಖ್ಯೆಗಳು 9990. ಒಂದೊಂದನ್ನೇ ಕಳೆಯುತ್ತ ಕೂರುವುದು ಆಗದ ಮಾತು. ಇಳಿಕೆ ಕ್ರಮದ ಅಂಕಿಗಳನ್ನು ಕ, ಖ, ಗ, ಘ ಎಂದು ಇಟ್ಟುಕೊಂಡು ಸ್ಥಾನಬೆಲೆ ಬಿಡಿಸಿದೆ. ವ್ಯತ್ಯಾಸ ಹೀಗೆ ಬಂತು: 999(ಕ − ಘ) + 90(ಖ − ಗ). ಇಷ್ಟಾದ ಮೇಲೆ ಅಂಕಿಗಳು ಯಾವುವು ಎಂಬುದರ ಗೊಡವೆಯೇ ಇಲ್ಲ. ಹೊರಗಿನ ಜೋಡಿಯ ಅಂತರ, ಒಳಗಿನ ಜೋಡಿಯ ಅಂತರ, ಇವೆರಡು ತಿಳಿದರೆ ಸಾಕು. ಹೊರ ಅಂತರ 1ರಿಂದ 9ರವರೆಗೆ ಇರಬಹುದು. ಒಳ ಅಂತರ 0ಯಿಂದ ಹೊರ ಅಂತರದವರೆಗೆ. 2 + 3 + … + 10, ಒಟ್ಟು 54. ಅಂದರೆ ಮೊದಲ ಕಳೆಯುವಿಕೆಗೇ ಹತ್ತಿರ ಹತ್ತಿರ ಹತ್ತು ಸಾವಿರ ಸಂಖ್ಯೆಗಳು 54 ಉತ್ತರಗಳೊಳಗೆ ಬಂದು ಬೀಳುತ್ತವೆ. ಇವುಗಳಲ್ಲೂ 1089, 9081ರಂಥವು ಅವೇ ಅಂಕಿಗಳ ಅದಲುಬದಲು. ಅಂಥವನ್ನು ಒಟ್ಟುಗೂಡಿಸಿ, ಇಳಿಕೆ ಕ್ರಮದ ಅಂಕಿಗಳನ್ನೇ ಗುಂಪಿನ ಹೆಸರಾಗಿಸಿದಾಗ ಉಳಿದದ್ದು 30 ಗುಂಪು.

ಮೂವತ್ತನ್ನೂ ಹಾಳೆಯ ಮೇಲೆ ಹರಡಿ, ಯಾವುದರಿಂದ ಯಾವುದಕ್ಕೆ ಎಂದು ಬಾಣ ಎಳೆದೆ. ಎಲ್ಲವೂ 6174ಕ್ಕೇ ಸೇರಿದವು. ಅದು ಮೊದಲೇ ಗೊತ್ತಿದ್ದ ಸಂಗತಿ. ನನಗೆ ಖುಷಿ ಕೊಟ್ಟದ್ದು ಬೇರೆಯೇ. 6174ನ್ನು ನೇರವಾಗಿ ತಲುಪುವ ಗುಂಪು, ಅದನ್ನೇ ಬಿಟ್ಟರೆ, 8532 ಒಂದೇ! ಮಿಕ್ಕ 28 ಗುಂಪುಗಳೂ ಆ ಒಂದೇ ಬಾಗಿಲಿನಿಂದ ಒಳಗೆ ಬರಬೇಕು. 8532ಕ್ಕೆ ಬರಲು ನಾಲ್ಕು ದಾರಿಗಳಿವೆ: 8820, 8730, 9711, 9621. ಈ ಚಿತ್ರವನ್ನು ಯಾವ ಫಾರ್ವರ್ಡ್ ಸಂದೇಶದಲ್ಲೂ ನಾನು ಕಂಡಿಲ್ಲ.

ಏಳು ಹೆಜ್ಜೆಗಿಂತ ಹೆಚ್ಚು ಯಾವುದಕ್ಕೂ ಬೇಕಿಲ್ಲ. ಏಳನ್ನೂ ತಿನ್ನುವ ಸಂಖ್ಯೆ ಬೇಕೆಂದರೆ 4126: ಅದು 5175, 5994, 5355, 1998, 8082, 8532 ಎಂದು ಸುತ್ತಿ ಕೊನೆಗೆ ಬರುತ್ತದೆ. ಆ 30 ಗುಂಪುಗಳಿಗೆ ಸೇರದ 6420ಕ್ಕಾದರೋ ಒಂದೇ ಏಟು ಸಾಕು.

ತರಗತಿಯಲ್ಲಿ ಇದನ್ನು ಮಾಡಿಸುವುದಾದರೆ ಮೂರಂಕಿಯಿಂದ ಶುರು ಮಾಡಿಸಿ. ಅಲ್ಲಿ 495 ಬರುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಐದಂಕಿಗೂ ಹೀಗೆಯೇ ಒಂದು ಸಂಖ್ಯೆ ಇದ್ದೀತೆಂದು ಜಾಣ ಮಕ್ಕಳು ಹುಡುಕಲು ಹೊರಡುತ್ತಾರೆ. ತಡೆಯಬೇಡಿ. 53955ರಿಂದ 59994, ಅಲ್ಲಿಂದ ಮತ್ತೆ 53955. ಅಲ್ಲಿ ಹೀಗೆ ಸುತ್ತುವ ಚಕ್ರಗಳೇ ಹೊರತು ನಿಲ್ಲುವ ಸಂಖ್ಯೆ ಇಲ್ಲ.