ಹಿರಿಯರ ಮೇಲಿನ ದೌರ್ಜನ್ಯ: ಗುರುತಿಸುವುದು ಹೇಗೆ, ಉಪವಿಭಾಗಾಧಿಕಾರಿಯ (ಎಸಿ) ಕಚೇರಿಯಲ್ಲಿ ನ್ಯಾಯ ಕೇಳುವುದು ಹೇಗೆ?

ಹಿರಿಯರ ಮೇಲಿನ ದೌರ್ಜನ್ಯವೆಂದರೆ ಹೊಡೆತ, ಬೈಗುಳ ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಅದು ಮೊದಲು ಕಾಣಿಸಿಕೊಳ್ಳುವುದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತು ಜಮೀನಿನ ಪಹಣಿಯಲ್ಲಿ. ಪಿಂಚಣಿ ಜಮೆಯಾದ ದಿನವೇ ಎಟಿಎಂನಿಂದ ಪೂರ್ತಿ ಹಣ ಹೊರಹೋಗುವುದು, ಓದಿ ಹೇಳದೆಯೇ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ‘ಸುಮ್ಮನೆ ಒಂದು ಸಹಿ’ ಎಂದು ಉಪನೋಂದಣಾಧಿಕಾರಿ ಕಚೇರಿಗೆ ಕರೆದೊಯ್ಯುವುದು ಇವೆಲ್ಲ ಎಚ್ಚರಿಕೆಯ ಗುರುತುಗಳು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದು ವಾರಗಳಾದರೂ ಯಾರೂ ತಂದುಕೊಡದಿರುವುದು, ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗುವುದು, ಫೋನ್ ಕಸಿದುಕೊಳ್ಳುವುದು, ನೆಂಟರು ಬಂದರೆ ಒಂಟಿಯಾಗಿ ಮಾತನಾಡಲು ಬಿಡದಿರುವುದು ಕೂಡ ದೌರ್ಜನ್ಯವೇ.

ಒಂದೇ ಗುರುತನ್ನು ಹಿಡಿದು ತೀರ್ಮಾನಕ್ಕೆ ಬರಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ತಾಗುವಿಕೆಯಿಂದಲೂ ಮೈ ಕಪ್ಪುಗಟ್ಟುತ್ತದೆ. ಮರೆವಿನ ಕಾಯಿಲೆ ಇರುವವರು ತಾವೇ ಎಲ್ಲೋ ಇಟ್ಟ ಹಣವನ್ನು ಸೊಸೆ ಕದ್ದಳೆಂದು ನಂಬುವುದೂ ಉಂಟು. ಆದ್ದರಿಂದ ಹಿರಿಯರನ್ನು ಒಬ್ಬರೇ ಇರುವಾಗ ಮಾತನಾಡಿಸಬೇಕು. ‘ಮಗ ಹೊಡೆಯುತ್ತಾನಾ?’ ಎಂದು ನೇರವಾಗಿ ಕೇಳಿದರೆ ಮರ್ಯಾದೆಗೆ ಅಂಜಿ ಇಲ್ಲವೆನ್ನುವವರೇ ಹೆಚ್ಚು. ‘ಪಾಸ್‌ಬುಕ್ ಯಾರ ಹತ್ತಿರ ಇದೆ? ಆಸ್ಪತ್ರೆಗೆ ಕೊನೆಯ ಸಲ ಹೋಗಿದ್ದು ಯಾವಾಗ? ರಾತ್ರಿ ಊಟ ಎಷ್ಟು ಹೊತ್ತಿಗೆ?’ ಎಂಬಂಥ ಪ್ರಶ್ನೆಗಳಿಗೆ ಉತ್ತರ ಬೇಗ ಬರುತ್ತದೆ.

ಪ್ರಾಣಾಪಾಯವಿದ್ದರೆ ಮೊದಲು 112ಕ್ಕೆ ಕರೆ ಮಾಡಬೇಕು. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ, ಅದನ್ನು ಮೆಡಿಕೋ ಲೀಗಲ್ ಪ್ರಕರಣವಾಗಿ, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಗಾಯದ ಪ್ರಕರಣವಾಗಿ ದಾಖಲಿಸುವಂತೆ ಕೇಳಬೇಕು. ಸಲಹೆ ಬೇಕಾದವರಿಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಕಾನೂನು ನೆರವಿಗೆ 15100 ಇದೆ.

ಇನ್ನು ಕಾನೂನಿನ ದಾರಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಜೀವನಾಂಶ ಹಾಗೂ ಕಲ್ಯಾಣ ಕಾಯ್ದೆಯಡಿ ಸ್ಥಾಪನೆಯಾದ ನ್ಯಾಯಮಂಡಳಿಗೆ ಕರ್ನಾಟಕದಲ್ಲಿ ಕಂದಾಯ ಉಪವಿಭಾಗಾಧಿಕಾರಿ, ಅಂದರೆ ಜನರ ಬಾಯಲ್ಲಿ ‘ಎಸಿ ಸಾಹೇಬರು’, ಅಧ್ಯಕ್ಷರು. ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆ ತಾಯಿ, ಅಜ್ಜ ಅಜ್ಜಿ ಇಲ್ಲಿ ಅರ್ಜಿ ಹಾಕಬಹುದು. ಹೆತ್ತವರಿಗೆ 60 ವರ್ಷ ತುಂಬಿರಲೇಬೇಕೆಂಬ ನಿಯಮವಿಲ್ಲ. ಮಕ್ಕಳಿಲ್ಲದ, 60 ದಾಟಿದ ಹಿರಿಯರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಬಂಧುವಿನ ಮೇಲೆ ಅರ್ಜಿ ಸಲ್ಲಿಸಬಹುದು. ಸ್ವತಃ ಹೋಗಲಾಗದವರ ಪರವಾಗಿ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಹೋಗಬಹುದು. ತಾವು ಈಗ ವಾಸವಿರುವ ಊರು, ಹಿಂದೆ ವಾಸವಿದ್ದ ಊರು, ಮಕ್ಕಳಿರುವ ಊರು, ಇವುಗಳಲ್ಲಿ ಯಾವುದಾದರೂ ಒಂದರ ವ್ಯಾಪ್ತಿಯಲ್ಲಿ ಅರ್ಜಿ ಹಾಕುವ ಅವಕಾಶವಿರುವುದರಿಂದ, ಮಗ ಬೆಂಗಳೂರಿನಲ್ಲಿದ್ದಾನೆಂದು ಹಾವೇರಿಯ ತಾಯಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ.

ಅರ್ಜಿಯ ನಮೂನೆಯನ್ನು ಎಸಿ ಕಚೇರಿಯಲ್ಲಿಯೇ ವಿಚಾರಿಸಬಹುದು. ವಯಸ್ಸಿನ ಮತ್ತು ವಿಳಾಸದ ದಾಖಲೆ, ಎಲ್ಲ ಮಕ್ಕಳ ಹೆಸರು, ವಿಳಾಸ, ಉದ್ಯೋಗ, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆಯ ಚೀಟಿಗಳು, ಪಹಣಿ ಅಥವಾ ಖಾತೆಯ ಪ್ರತಿಯನ್ನು ಜೊತೆಗಿಡಬೇಕು. ಆಸ್ತಿಪತ್ರದ ಮೂಲಪ್ರತಿ ಮಗನ ಬೀರುವಿನಲ್ಲಿದ್ದರೆ ಹೆದರಬೇಕಾಗಿಲ್ಲ. ನೋಂದಣಿಯಾದ ಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಕಾಯ್ದೆಯ 17ನೇ ಕಲಮು ವಕೀಲರಿಲ್ಲದೆಯೇ ವಿಚಾರಣೆ ನಡೆಯಬೇಕೆನ್ನುತ್ತದೆ. ಆದರೂ ಅರ್ಜಿ ಬರೆಯಲು ನೆರವು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವಿದೆ.

ನೋಟಿಸ್ ತಲುಪಿದ ದಿನದಿಂದ 90 ದಿನಗಳಲ್ಲಿ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕೆಂಬುದು ಕಾನೂನಿನ ಮಾತು. ಅಲ್ಲಿಯವರೆಗೆ ಮಧ್ಯಂತರ ಜೀವನಾಂಶ ಬೇಕೆಂದು ಅರ್ಜಿಯಲ್ಲಿಯೇ ಬರೆಯುವುದು ಒಳ್ಳೆಯದು. ರಾಜಿ ಸಂಧಾನಕ್ಕೆ ಕಳುಹಿಸಿದರೆ ಬಾಯಿಮಾತಿನ ಭರವಸೆಗೆ ಒಪ್ಪದೆ, ಒಪ್ಪಿದ್ದನ್ನೆಲ್ಲ ಬರಹದಲ್ಲಿ ಪಡೆಯಬೇಕು. ಈ ಕಾಯ್ದೆಯಲ್ಲಿ ಜೀವನಾಂಶದ ಮೇಲ್ಮಿತಿ ತಿಂಗಳಿಗೆ 10,000 ರೂಪಾಯಿ. ಡಯಾಲಿಸಿಸ್‌ನಂಥ ದೊಡ್ಡ ಖರ್ಚಿರುವವರಿಗೆ ಇದು ಏನೇನೂ ಸಾಲದು. ಅಂಥವರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ನ್ಯಾಯಾಲಯಕ್ಕೆ ಹೋಗಬಹುದು, ಅಲ್ಲಿ ಇಂಥ ಮಿತಿಯಿಲ್ಲ. ಆದರೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ನನ್ನ ದೃಷ್ಟಿಯಲ್ಲಿ ಈ ಕಾಯ್ದೆಯ ನಿಜವಾದ ಬಲವಿರುವುದು 23ನೇ ಕಲಮಿನಲ್ಲಿ. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡವರು ಆ ಷರತ್ತನ್ನು ಮುರಿದರೆ, ಆ ದಾನಪತ್ರ ವಂಚನೆ ಅಥವಾ ಒತ್ತಾಯದಿಂದ ಆದದ್ದೆಂದು ಪರಿಗಣಿಸಿ ಅದನ್ನು ಅನೂರ್ಜಿತವೆಂದು ಘೋಷಿಸುವ ಅಧಿಕಾರ ನ್ಯಾಯಮಂಡಳಿಗಿದೆ. ತೊಡಕಿರುವುದು ಷರತ್ತಿನಲ್ಲಿ. ಹಲವು ದಾನಪತ್ರಗಳಲ್ಲಿ ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಇರುತ್ತದೆ. ಇಂಥ ಷರತ್ತು ಇತ್ತೆಂಬುದನ್ನು ಅರ್ಜಿದಾರರು ಹೇಳಿ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ದಾನಪತ್ರವನ್ನು ರದ್ದುಗೊಳಿಸಿತು. ಅಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಪ್ರತ್ಯೇಕ ಮುಚ್ಚಳಿಕೆ ಬರೆದುಕೊಟ್ಟಿದ್ದನೆಂಬುದು ತಾಯಿಯ ನೆರವಿಗೆ ಬಂತು. ಹೀಗಾಗಿ ಇನ್ನೂ ಸಹಿ ಮಾಡದವರು ‘ನನ್ನ ಜೀವಿತಾವಧಿಯವರೆಗೆ ಊಟ, ವಸತಿ, ವೈದ್ಯಕೀಯ ಆರೈಕೆ ಒದಗಿಸಬೇಕೆಂಬ ಷರತ್ತಿಗೆ ಒಳಪಟ್ಟು’ ಎಂಬ ಸಾಲು ಪತ್ರದಲ್ಲಿದೆಯೇ ಎಂದು ಓದಿಸಿ ಕೇಳಬೇಕು. ಅದಕ್ಕಿಂತ ಸುರಕ್ಷಿತವಾದುದು ಉಯಿಲು. ಬದುಕಿರುವವರೆಗೆ ಆಸ್ತಿ ತಮ್ಮದೇ, ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು.

ಇನ್ನು ಮಗ ಸೊಸೆಯನ್ನು ಮನೆಯಿಂದ ಹೊರಹಾಕಿಸಬೇಕೆಂಬ ಹಿರಿಯರ ಕೋರಿಕೆಗೆ ಒಂದು ಎಚ್ಚರಿಕೆ ಅಗತ್ಯ. ಬೆಂಗಳೂರಿನದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸೊಸೆಗಿರುವ ವಾಸದ ಹಕ್ಕನ್ನು ಹಿರಿಯರ ಕಾಯ್ದೆಯ ಮೂಲಕ ಅಳಿಸಿಹಾಕಲಾಗದೆಂದು ಹೇಳಿದೆ. ಮಗ ತನ್ನ ಹೆಂಡತಿಯನ್ನು ಹೊರದೂಡಲು ಅಪ್ಪ ಅಮ್ಮನಿಂದ ಅರ್ಜಿ ಹಾಕಿಸುವ ಪ್ರಕರಣಗಳೂ ಇರುವುದರಿಂದ ಈ ಎಚ್ಚರ ಸರಿಯೇ.

ಆದೇಶ ಸಮಾಧಾನ ತರದಿದ್ದರೆ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆದೇಶದಂತೆ ಮಕ್ಕಳು 30 ದಿನಗಳೊಳಗೆ ಹಣ ಕಟ್ಟಬೇಕು. ಕಟ್ಟದಿದ್ದರೆ ಮತ್ತೆ ಅದೇ ನ್ಯಾಯಮಂಡಳಿಗೆ ಜಾರಿ ಅರ್ಜಿ ಹಾಕಬೇಕು. ವಾರಂಟ್ ಹೊರಡಿಸುವ, ಒಂದು ತಿಂಗಳವರೆಗೆ ಜೈಲಿಗೆ ಕಳುಹಿಸುವ ಅಧಿಕಾರ ಅದಕ್ಕಿದೆ. ಬಾಕಿಯಾದ ದಿನದಿಂದ ಮೂರು ತಿಂಗಳೊಳಗೆ ಈ ಅರ್ಜಿ ಸಲ್ಲಿಸದಿದ್ದರೆ ವಾರಂಟ್ ಹೊರಡಿಸಲು ಬರುವುದಿಲ್ಲವಾದ್ದರಿಂದ, ‘ಮುಂದಿನ ತಿಂಗಳು ಕೊಡುತ್ತೇನೆ’ ಎಂಬ ಮಾತಿಗೆ ಕಾಯುತ್ತಾ ಕೂರದೆ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.