ನೌಕರಿ ಬಿಡದೆ ಬರೆಯುವುದು ಹೇಗೆ, ಓದು ಬಿಡದೆ ಬರೆಯುವುದು ಹೇಗೆ

ಬರೆದೇ ಹೊಟ್ಟೆ ಹೊರೆಯುತ್ತೇನೆ ಅಂತ ಹೊರಡಬೇಡಿ. ಮಾಸ್ತಿ ಸರ್ಕಾರಿ ಅಧಿಕಾರಿಯಾಗಿದ್ದರು, ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ನೋಡಿಕೊಳ್ಳುತ್ತಲೇ ಬರೆದರು.

ಮೊದಲು ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ನನ್ನದು ಬೆಳಗ್ಗೆ 5ರಿಂದ 6. ಫೋನ್ ಬೇರೆ ಕೋಣೆಯಲ್ಲಿರುತ್ತದೆ, ಹಾಲಿನವನು ಬೆಲ್ ಮಾಡುವಷ್ಟರಲ್ಲಿ ಒಂದು ಪುಟವಾದರೆ ಆ ದಿನ ಗೆದ್ದಂತೆ, ಆಗದಿದ್ದರೆ ಹಿಂದಿನ ದಿನದ್ದನ್ನೇ ಜೋರಾಗಿ ಓದಿ, ನಾಲಿಗೆ ತಡವರಿಸಿದ ಕಡೆಯೆಲ್ಲ ಗೆರೆ ಎಳೆಯುತ್ತೇನೆ.

ಯೂನಿಕೋಡ್‌ನಲ್ಲೇ (ಫೋನು, ಕಂಪ್ಯೂಟರುಗಳೆಲ್ಲ ಒಪ್ಪುವ ಅಕ್ಷರ ಸಂಕೇತ) ಟೈಪ್ ಮಾಡಿ. ನಾನು ಹಳೇ ನುಡಿ ಫಾಂಟ್‌ನಲ್ಲಿ ಬರೆದ ಕತೆಯನ್ನು ಯೂನಿಕೋಡ್‌ಗೆ ಬದಲಾಯಿಸಿ ಕಳಿಸಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು, ಅರ್ಕಾವತ್ತುಗಳಂತೂ ಎಲ್ಲೆಲ್ಲೋ ಹೋಗಿ ಕೂತಿದ್ದವು. ಎರಡು ರಾತ್ರಿ ತಿದ್ದಿದೆ. ಫೈಲಿನ ಒಂದು ಪ್ರತಿಯನ್ನು ನಿಮಗೇ ಮೇಲ್ ಮಾಡಿಟ್ಟುಕೊಳ್ಳಿ.

ಓದಿಗೆ ಟೈಮ್ ಎಲ್ಲಿದೆ ಅಂತೀರಾ? ಬಸ್ಸಿನಲ್ಲಿದೆ. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹುಡುಕಿ, ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡದ ಗ್ರಂಥಾಲಯಕ್ಕೆ ಹೋಗಿ. (ಅಲ್ಲಿನ ಪುಸ್ತಕದಲ್ಲಿ ಮಾತ್ರ ಗೆರೆ ಎಳೀಬೇಡಿ.) ಕಾದಂಬರಿ ಬರೆಯುವಾಗ ನಾನು ಬೇರೆಯವರ ಕಾದಂಬರಿ ಮುಟ್ಟುವುದಿಲ್ಲ, ಅವರ ಧಾಟಿ ಸುಮ್ನೆ ನನ್ನ ಕೈಗೆ ಬಂದುಬಿಡುತ್ತದೆ. ಆಗ ಪದ್ಯ, ಪ್ರವಾಸಕಥನ, ಅಡುಗೆ ಪುಸ್ತಕವೂ ನಡೆಯುತ್ತದೆ. ಇಷ್ಟವಾಗದ ಪುಸ್ತಕವನ್ನು 50 ಪುಟಕ್ಕೇ ಬಿಡಿ, ಯಾರೂ ಪರೀಕ್ಷೆ ಇಡಲ್ಲ ಅಲ್ವಾ?

ಜೇಬಲ್ಲೊಂದು ಚೀಟಿ ಇರಲಿ. ಕಿವಿಗೆ ಬಿದ್ದ ಒಳ್ಳೇ ಮಾತನ್ನು ಅಲ್ಲೇ ಗೀಚಿಕೊಳ್ಳಿ, ಸಂಜೆಗೆ ಮರೆತಿರುತ್ತೀರಿ.