ಊರಿನಿಂದ ಬಂದ ಮಲ್ಲಿಗೆ ಕಡ್ಡಿ

ಮೇ ಕೊನೆಗೆ ಊರಿನಿಂದ ಮುಂಬಯಿ ಬಳಿಯ ಡೊಂಬಿವಲಿಗೆ ಮರಳುವ ನಮ್ಮವರ ಚೀಲದಲ್ಲಿ ಹಪ್ಪಳ, ತೆಂಗಿನೆಣ್ಣೆಗಳ ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ನಾಲ್ಕು ಶಂಕರಪುರ ಮಲ್ಲಿಗೆ ಕಡ್ಡಿಗಳು ಇದ್ದೇ ಇರುತ್ತವೆ. ವಾರ ಕಳೆಯುವುದರೊಳಗೆ ಮೂರು ಒಣಗಿರುತ್ತವೆ. ನೀರು ಸಾಲಲಿಲ್ಲ ಎಂದು ಹಲುಬುತ್ತಾರೆ. ಕಡ್ಡಿಗೆ ಇನ್ನೂ ಬೇರೇ ಇಲ್ಲ, ಎಲೆಗಳಿಂದ ಮಾತ್ರ ನೀರು ಆರುತ್ತಲೇ ಇರುತ್ತದೆ; ಬುಡಕ್ಕೆ ಕೊಡ ಸುರಿದರೆ ಅದನ್ನು ಮೇಲೇರಿಸುವವರು ಯಾರು?

ಆದ್ದರಿಂದ ಎಲೆಯನ್ನು ಕಡಿಮೆ ಮಾಡಿ. ತೀರ ಎಳೆಯದೂ ಅಲ್ಲದ, ಬಲಿತು ಕಟ್ಟಿಗೆಯಾದದ್ದೂ ಅಲ್ಲದ ಕಡ್ಡಿಯನ್ನು ಗೇಣಿಗಿಂತ ತುಸು ಚಿಕ್ಕದಾಗಿ, ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ. ಬೇರು ಹೊರಡುವುದು ಹೆಚ್ಚಾಗಿ ಆ ಗೆಣ್ಣಿನ ಬಳಿಯೇ. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ತುದಿಯಲ್ಲಿ ಉಳಿದ ಎರಡನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿ. ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಸಮ ಬೆರೆಸಿದ ಕುಂಡದಲ್ಲಿ ಎರಡು ಗೆಣ್ಣು ಮುಳುಗುವಂತೆ ಊರಿ, ನೆರಳಿನಲ್ಲಿಡಿ. ಗೊಬ್ಬರ ಈಗ ಬೇಡ. ತೇವ ಉಳಿಯಲಿ ಎಂದು ಪ್ಲಾಸ್ಟಿಕ್ ಚೀಲ ಮುಚ್ಚಿ ಪಶ್ಚಿಮದ ಕಿಟಕಿಯ ಗ್ರಿಲ್ಲಿನಲ್ಲಿಟ್ಟು ಆರು ಕಡ್ಡಿಗಳನ್ನು ಬೇಯಿಸಿದವಳು ನಾನು. ಇನ್ನೊಮ್ಮೆ ಎರಡು ಚಿಗುರು ಕಂಡದ್ದೇ ಸಂಭ್ರಮಪಟ್ಟು ಕಿತ್ತು ಬೇರೆ ಕುಂಡಕ್ಕೆ ಹಾಕಲು ಹೋದೆ. ಬುಡದಲ್ಲಿ ಬೇರಿನ ಸುಳಿವೇ ಇರಲಿಲ್ಲ. ಕಡ್ಡಿ ತನ್ನೊಳಗೆ ಕೂಡಿಟ್ಟ ಆಹಾರದಿಂದಲೇ ಚಿಗುರಿತ್ತು. ಈಗ ಒಂದೂವರೆ ತಿಂಗಳು ಮುಟ್ಟುವುದಿಲ್ಲ. ಮುಂಬಯಿಗೆ ಮಳೆ ಬರುವ ವಾಡಿಕೆಯ ದಿನ ಜೂನ್ 11. ಕಡ್ಡಿ ಕತ್ತರಿಸಲು ಗಿಡವೇ ಇಲ್ಲಿದ್ದರೆ ಅರ್ಧ ಕಡ್ಡಿಗಳನ್ನು ಆಮೇಲೆ ಕತ್ತರಿಸಿ ನೆಡಿ. ಗಾಳಿಯಲ್ಲಿ ಪಸೆ ಬಂದ ಮೇಲೆ ದಾಸವಾಳವೂ ಸುಲಭವಾಗಿ ಬೇರು ಬಿಡುತ್ತದೆ.

ಬಸಳೆಗೆ ಈ ಉಪಚಾರವೇನೂ ಬೇಡ. ಮಾರುಕಟ್ಟೆಯಲ್ಲಿ ಅದರ ಮರಾಠಿ ಹೆಸರು ಹೇಳಿ ‘ಮಾಯಾಳು’ ಎಂದು ಕೇಳಿ, ದಪ್ಪ ದಂಟಿನ ಕಟ್ಟು ತನ್ನಿ. ಎಲೆ ಸಾರಿಗೆ, ದಂಟು ಕುಂಡಕ್ಕೆ.

ಕಡ್ಡಿ ಊರಿ ಕರಿಬೇವು ಬೆಳೆಸಿದೆ ಎನ್ನುವವರ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಕಪ್ಪಾದ ಹಣ್ಣು ಸಿಕ್ಕರೆ ತಿರುಳು ತೊಳೆದು ಅದೇ ವಾರ ಬಿತ್ತಿ. ಒಣಗಿಸಿಟ್ಟ ಬೀಜ ಬೇಗ ಸಾಯುತ್ತದೆ. ಇಲ್ಲದಿದ್ದರೆ ದೊಡ್ಡ ಗಿಡದ ಬುಡದಲ್ಲೆದ್ದ ಮರಿಯನ್ನು ಬೇರುಸಹಿತ ಬಿಡಿಸಿಕೊಳ್ಳಿ. ಬೆಂಡೆ, ಅಲಸಂಡೆಗಳದ್ದು ಇದಕ್ಕೆ ವಿರುದ್ಧ: ಗಿಡದಲ್ಲೇ ಒಣಗಿದ ಕಾಯಿಯ ಬೀಜವನ್ನು ಮಳೆಯ ಮೊದಲೇ ಬಿಡಿಸಿ, ನೆರಳಿನಲ್ಲಿ ಗರಿಗರಿಯಾಗಿ ಆರಿಸಿ, ಚಿಟಿಕೆ ಬೂದಿ ಹಾಕಿ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಿ. ಜುಲೈಯಲ್ಲಿ ನಮ್ಮ ಅಡುಗೆಮನೆಯ ಉಪ್ಪೇ ನೀರಾಗುವಾಗ ಬೀಜ ಬೂಸ್ಟು ಹಿಡಿಯದೆ ಇರುತ್ತದೆಯೇ? ಹಾಗಲದ ಬೀಜದ ಸಿಪ್ಪೆ ಗಟ್ಟಿ. ರಾತ್ರಿ ನೆನೆಸಿ, ಬೀಜದ ದಪ್ಪದ ಎರಡರಷ್ಟು ಆಳಕ್ಕೆ ಹಾಕಿ.

ಖಾಲಿ ಕುಂಡಗಳ ಹಳೆಯ ಮಣ್ಣನ್ನು ಟೆರೇಸಿನಲ್ಲಿ ತೆಳ್ಳಗೆ ಹರಡಿ ಒಂದು ವಾರ ಬಿಸಿಲು ಕಾಣಿಸಿ. ತಳದ ತೂತುಗಳಲ್ಲಿ ಕಡ್ಡಿಯಾಡಿಸಿ, ಅಡಿಯ ತಟ್ಟೆಗಳನ್ನು ತೆಗೆದಿಡಿ. ಮಳೆಗಾಲದಲ್ಲಿ ಅವು ಸೊಳ್ಳೆಯ ತೊಟ್ಟಿಲು. ಗ್ರಿಲ್ಲಿನ ಮೇಲಿನ ಸಾಲಿನ ಕುಂಡಗಳನ್ನು ತಂತಿಯಿಂದ ಬಿಗಿಯಿರಿ. ಮೊದಲ ಗಾಳಿಗೆ ಮೂರನೆಯ ಮಹಡಿಯಿಂದ ಹಾರಿ ಸ್ಕೂಟರಿನ ಸೀಟಿನ ಮೇಲೆ ಕುಳಿತ ನನ್ನ ದಾಸವಾಳವನ್ನು ಸೊಸೈಟಿಯವರು ಇನ್ನೂ ಮರೆತಿಲ್ಲ.